ಆರು ಕಾಗದಕ್ಕೆ ಆರು ಸಹಿ

ಬೋರ್ಡ್ ಬರೆಯುವವನನ್ನು ಕಟ್ಟಿಕೊಂಡ ತಪ್ಪಿಗೆ ದರ್ಜಿಯಮ್ಮ ಆ ಬೆಳಿಗ್ಗೆ ಕೋರ್ಟಿನಲ್ಲಿ ಹಲ್ಲು ಕಡಿಯುತ್ತ ನಿಂತಿದ್ದಳು. ದತ್ತು ಅರ್ಜಿಯ ಆರು ಕಾಗದಕ್ಕೂ ಮಹರಾಯ ಆರು ಬಗೆಯ ಸಹಿ ಮಾಡಿಟ್ಟಿದ್ದ. ಒಂದಕ್ಕೆ ಬಾಲ, ಒಂದಕ್ಕೆ ನೆರಳು, ಇನ್ನೊಂದಕ್ಕೆ ಬಳ್ಳಿ.

"ಇಷ್ಟನ್ನೂ ಒಬ್ರೇ ಮಾಡಿದ್ದು ಅಂತ ಹೇಗಮ್ಮ ನಂಬೋದು? ಫೈಲ್ ವಾಪಸ್ ಹೋಗುತ್ತೆ," ಎಂದ ಗುಮಾಸ್ತ.

ಅವಳು ಪಕ್ಕದಲ್ಲಿ ನಿಂತಿದ್ದ ಮಗುವಿನ ಕೈ ಹಿಡಿದುಕೊಂಡಳು. ಎರಡು ವರ್ಷದ ಪುಟ್ಟಿ ಶಿಶುಗೃಹದಿಂದ ಬಂದು ನಾಲ್ಕು ತಿಂಗಳಾಗಿತ್ತು, ಅದೂ ತಾತ್ಕಾಲಿಕ ಪತ್ರದ ಮೇಲೆ. ಆ ಪತ್ರದ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಆದೇಶ ಸಿಗದಿದ್ದರೆ ಸಂಜೆಯೇ ಮಗುವನ್ನು ವಾಪಸ್ ಬಿಟ್ಟುಬರಬೇಕು. ಅರ್ಜಿ ಶುಲ್ಕ, ವೈದ್ಯರ ತಪಾಸಣೆ, ಮನೆ ನೋಡಲು ಬಂದವರ ಶುಲ್ಕ ಎಂದು ಕಟ್ಟುವಷ್ಟರಲ್ಲೇ ಅವಳ ಎರಡನೆಯ ಹೊಲಿಗೆ ಯಂತ್ರ ಮಾರಾಟವಾಗಿತ್ತು. ವಕೀಲರಿಗೆ ಕೊಡಲು ಉಳಿದದ್ದು ನಮಸ್ಕಾರ ಮಾತ್ರ. ಹಾಗಾಗಿ ಕಾಗದಗಳನ್ನೆಲ್ಲ ತಾವೇ ತುಂಬಿದ್ದರು.

"ಚೆನ್ನಾಗಿ ಕಾಣ್ಲಿ ಅಂತ ಕಣೇ. ಮಗೂದಲ್ವಾ," ಎಂದ ಗಂಡ, ತಲೆ ತಗ್ಗಿಸಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಗುಮಾಸ್ತ ಫೈಲನ್ನು ಕಟ್ಟತೊಡಗಿದ್ದ. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಅವನ ಮೇಜಿಗೆ ಅಡ್ಡ ನಿಂತಳು.

"ಫೈಲ್ ಎಲ್ಲಿಗೆ ಬೇಕಾದ್ರೂ ಹೋಗ್ಲಿ ಸಾರ್, ಮಗು ಎಲ್ಲೂ ಹೋಗಲ್ಲ. ಒಳಗೆ ಹೇಳಿ."

ಜಪ್ಪಯ್ಯ ಅಂದರೂ ಕದಲಲಿಲ್ಲ. ಗದ್ದಲ ಕೇಳಿ ನ್ಯಾಯಾಧೀಶರೇ ಒಳಗೆ ಕರೆಸಿದರು. ನರೆತ ಕೂದಲಿನ, ಹೆಚ್ಚು ಮಾತಾಡದ ಹೆಂಗಸು.

"ನನ್ನ ಗಂಡ ಮೋಸ ಮಾಡೋವಷ್ಟು ಜಾಣ ಅಲ್ಲ, ಮೇಡಂ. ಖಾಲಿ ಹಾಳೆ ಕೊಡಿ. ಆರನ್ನೂ ನಿಮ್ಮೆದುರೇ ಮಾಡ್ತಾರೆ."

ಅವನು ಮಾಡಿದ. ಬಾಲ, ನೆರಳು, ಬಳ್ಳಿ, ಒಂದು ಗೆರೆಯೂ ಆಚೀಚೆ ಆಗಲಿಲ್ಲ. ನ್ಯಾಯಾಧೀಶರು ಒಂದೊಂದನ್ನೇ ಹೋಲಿಸಿ ನೋಡಿದರು. ಆರೂ ತನ್ನವೇ ಎಂದು ಅವನಿಂದ ಪ್ರಮಾಣಪತ್ರ ಬರೆಸಿ, "ಇದಕ್ಕೆ ಸಾದಾ ಸಹಿ ಹಾಕಿ. ಇನ್ನು ಮೇಲೆ ಅದೊಂದೇ," ಎಂದರು. ಅವನು ಹಾಗೇ ಹಾಕಿದ. ಆಮೇಲೆ ಅವರು ಆದೇಶವನ್ನು ಓದಿದರು. ಇಂದಿನಿಂದ ಮಗು ಇವರದು.

ಆದೇಶ ತಲುಪಿತೆಂದು ಅದರ ಕೆಳಗೆ ಇಬ್ಬರೂ ಸಹಿ ಹಾಕಬೇಕಿತ್ತು. ಏಣಿಯ ತುದಿಯಲ್ಲೂ ನೇರ ಗೆರೆ ಎಳೆಯುವವನ ಸಹಿ ಈ ಸಲ ಸೊಟ್ಟಸೊಟ್ಟವಾಗಿ ಬಿತ್ತು.

"ಮೇಡಂ, ಇದು ಎಂಟನೇ ಥರ," ಎಂದ ಗುಮಾಸ್ತ.

"ಇರಲಿ ಬಿಡಿ," ಎಂದರು ಅವರು.

ದರ್ಜಿಯಮ್ಮ ಪೆನ್ನು ತೆಗೆದುಕೊಂಡಳು. ತಾಯಿಯ ಸಹಿ ಎಂದಿದ್ದ ಕಡೆ, ಕೆಳಗಿನ ಹಾಳೆಯಲ್ಲೂ ಮೂಡುವಷ್ಟು ಒತ್ತಿ ಬರೆದಳು.