ವೀಣಾಳ ಮೂಗು

ಸೋಮಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮಲ್ಲಿಗೆಯದೂ ಇಲ್ಲ, ಸತ್ತ ಇಲಿಯದೂ ಇಲ್ಲ. ಹಾಗಾಗಿ ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ ಹಾಲಿನ ತಪ್ಪಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ವೀಣಾಳ ಮುಖದ ಮುಂದೆ ನಿಂತಿದ್ದಳು.

"ನೋಡೇ ಬೇಗ."

ವೀಣಾ ಚಾದರ ಮಡಿಸುವ ಕೈ ನಿಲ್ಲಿಸದೆ ಬಗ್ಗಿ ಮೂಸಿದಳು. "ಅಡ್ಡಿಲ್ಲ. ಇವತ್ತಿಗೆ ಆತದೆ."

"ಹುಳಿ ಗಿಳಿ?"

"ಇಲ್ಲ ಮಾರಾಯ್ತಿ. ನನ್ನ ಮೂಗು ಬಾಡಿಗೆಗೆ ತಕಂಡಿದ್ದೀ, ಬಾಡಿಗೆ ಮಾತ್ರ ಕೊಡೂದಿಲ್ಲ ನೀನು."

"ಬನ್ಸ್ ಕೊಡ್ತೆ, ಬಾ."

ಇಬ್ಬರೂ ನಕ್ಕರು. ಆದರೆ ಆ ನಗು ಹಿಂದಿನ ದಿನದಷ್ಟು ಉದ್ದ ಇರಲಿಲ್ಲ. ಹಿಂದಿನ ಸಂಜೆ ಮ್ಯಾನೇಜರ್ ಭಾಸ್ಕರ ಇಬ್ಬರನ್ನೂ ಕರೆದು, ಮಳೆ ಹಿಡಿದ ಮೇಲೆ ಲಾಡ್ಜಿಗೆ ಒಬ್ಬಳೇ ಸಾಕು, ಅಡುಗೆಯನ್ನೂ ಕೋಣೆಗಳನ್ನೂ ಅವಳೇ ನೋಡಿಕೊಳ್ಳಬೇಕು ಎಂದಿದ್ದ. ಯಾರು ಎಂದು ಹೇಳಿರಲಿಲ್ಲ. ಅವರಿಬ್ಬರೂ ಆ ಮಾತನ್ನು ಎತ್ತಿರಲಿಲ್ಲ.

ಲಾಡ್ಜು ಹಿಲ್ಲೂರಿನಿಂದ ಒಳಗೆ, ಡಾಂಬರು ಮುಗಿದ ಮೇಲೂ ಬಹಳ ದೂರ ಕಾಡಿನಲ್ಲಿತ್ತು. ಅಲ್ಲಿಗೆ ಬರುವವರು ಹುಬ್ಬಳ್ಳಿ, ಬೆಳಗಾವಿ ಕಡೆಯವರು. ಬಾಗಿಲಲ್ಲೇ 'ಶುದ್ಧ ಸಸ್ಯಾಹಾರಿ' ಎಂಬ ಹಲಗೆ. ಸೋಮಿ ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಕಾರವಾರದ ಬೈತಖೋಲದಲ್ಲಿ, ಮೀನು ಇಳಿಸುವ ಧಕ್ಕೆಯಲ್ಲಿ ಸಿಗಡಿ ಸುಲಿಯುತ್ತಿದ್ದಳು. ಒಂದು ದಿನ ಐಸಿನ ಕಾರ್ಖಾನೆಯಲ್ಲಿ ಪೈಪು ಒಡೆದು ಅಮೋನಿಯಾ ಹೊರಬಿತ್ತು. ಓಡುವಾಗ ಬಿದ್ದ ಹೆಂಗಸನ್ನು ಎಳೆದು ತರಲು ಹೋಗಿ ಸೋಮಿ ಎರಡು ಸಲ ಹೆಚ್ಚು ಉಸಿರು ತೆಗೆದುಕೊಂಡಳು. ಕಣ್ಣು ವಾರದಲ್ಲಿ ಸರಿಯಾಯಿತು, ಎದೆ ತಿಂಗಳಲ್ಲಿ. ಮೂಗು ಸರಿಯಾಗಲಿಲ್ಲ. ಗಂಡ ಗೋವೆಯ ಬೋಟಿನಲ್ಲಿದ್ದ, ವರ್ಷಕ್ಕೊಮ್ಮೆ ಬರುತ್ತಿದ್ದ. ಮಗಳು ಜಯಂತಿಯನ್ನು ಕರೆದುಕೊಂಡು ಹಿಲ್ಲೂರಿನ ತವರಿಗೆ ಬಂದು ಲಾಡ್ಜಿನ ಕೆಲಸ ಹಿಡಿದಳು. ಮೂಗಿಲ್ಲದವಳನ್ನು ಅಡುಗೆಗೆ ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ವೀಣಾಳಿಗೆ ಮಾತ್ರ ಹೇಳಿದ್ದಳು.

ನಾಲ್ಕಕ್ಕೆ ಚಾ. ಆ ದಿನ ಹುಬ್ಬಳ್ಳಿಯ ಗಂಡಹೆಂಡಿರು, ಜೊತೆಗೆ ಗಂಡನ ತಮ್ಮ, ಅವನ ಹೆಂಡತಿ. ಗಂಡನದು ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆ. ಅಕ್ಟೋಬರಿನಲ್ಲಿ ಆಫೀಸಿನವರನ್ನೆಲ್ಲ ಕರೆತರಲು ಜಾಗ ನೋಡಲು ಬಂದಿದ್ದರು. ಭಾಸ್ಕರ ಬೆಳಿಗ್ಗೆಯಿಂದ ಅವರ ಹಿಂದೆಯೇ ಇದ್ದ. ಸೋಮಿ ಹಿತ್ತಲಿನ, ನಿಂಬೆ ಪರಿಮಳದ ಮಜ್ಜಿಗೆ ಹುಲ್ಲು ಕತ್ತರಿಸಿ ಗಂಟುಕಟ್ಟಿ ನೀರಿಗೆ ಹಾಕಿ, ಶುಂಠಿ ಜಜ್ಜಿ, ನೀರಿನ ಬಣ್ಣ ನೋಡಿ ಪುಡಿ ಹಾಕಿದಳು. ಬಣ್ಣ, ಕುದಿಯುವ ಸದ್ದು, ನಾಲಿಗೆ, ಇಷ್ಟರಲ್ಲೇ ಅವಳ ಅಡುಗೆ ನಡೆಯುತ್ತಿತ್ತು. ಉಳಿದದ್ದಕ್ಕೆ ವೀಣಾ ಇದ್ದಳು.

ಜಗಲಿಯಲ್ಲಿ ಬೆತ್ತದ ಕುರ್ಚಿಗಳ ಮೇಲೆ ಕೂತಿದ್ದವರಿಗೆ ಅವಳೇ ಬಗ್ಗಿಸಿ ಕೊಟ್ಟಳು.

"ಏನ್ ಹಾಕೀರಿ ಇದಕ್ಕ?" ದೊಡ್ಡವನ ಹೆಂಡತಿ ಕಣ್ಣು ಮುಚ್ಚಿ ಕಪ್ಪಿನ ಹಬೆ ಎಳೆದುಕೊಂಡಳು. "ಘಮ್ಮ್ ಅಂತೈತಿ."

"ಮಜ್ಜಿಗೆ ಹುಲ್ಲು ಅಕ್ಕಾ. ಇಲ್ಲೇ ಹಿತ್ತಲದ್ದು."

"ಭಾಳ ಛಲೋ ಆಗೇತಿ. ಇನ್ನೊಂದೀಟು ಹಾಕ್ರಿ."

ಗಂಡನೂ ಕಪ್ಪು ಮುಂದೆ ಹಿಡಿದ. ಸೋಮಿ ಹಾಕಿದಳು. ಭಾಸ್ಕರ ಕಂಬಕ್ಕೆ ಒರಗಿ ನಗುತ್ತ ನಿಂತಿದ್ದ. ಅವನ ಆ ಮುಖ ನೋಡಿ ಮಳೆಗಾಲದ ಕೆಲಸ ತನ್ನದೇ ಎಂದು ಸೋಮಿಗೆ ಅನ್ನಿಸಿತು. ಹೊರಡಬೇಕಿತ್ತು. ನಿಂತಳು.

"ಮದ್ಲ ಎಲ್ಲಿ ಕೆಲಸಕ್ಕಿದ್ರಿ?" ಹೆಂಡತಿ ಕೇಳಿದಳು. "ಕೈರುಚಿ ಐತಿ ನಿಮಗ."

"ಬೈತಖೋಲದಲ್ಲಿ ಅಕ್ಕಾ. ಕಾರವಾರ. ಧಕ್ಕೆ ಮೇಲೆ ಸಿಗಡಿ ಸುಲಿಯೂದು."

"ಸಿಗಡಿ ಅಂದ್ರ?"

"ಮೀನದು, ಮೀನ," ಎಂದ ಗಂಡ.

ತುಟಿಯ ಹತ್ತಿರ ಹೋಗಿದ್ದ ಕಪ್ಪು ಅಲ್ಲೇ ನಿಂತಿತು. ಅವಳು ಅದನ್ನು ನಿಧಾನಕ್ಕೆ ಕೆಳಗಿಟ್ಟಳು. "ಅದಕ್ಕ ಮತ್ತ! ನಾ ಆಗಿಂದ ಅನ್ಕೊಳ್ಳಾಕತ್ತೀನಿ, ಏನೋ ಒಂಥರಾ ನಾತ ಅಂತ."

"ಹೌದ್ನೋಡು," ಎಂದ ಗಂಡ. ಅವನ ಎರಡನೆಯ ಕಪ್ಪು ಖಾಲಿಯಾಗಿತ್ತು.

ತಮ್ಮನ ಹೆಂಡತಿ ಬಾಯಿಗೆ ಸೆರಗು ಹಿಡಿದು ಎದ್ದು ಒಳಗೆ ಹೋದಳು. ದೊಡ್ಡವಳು ಭಾಸ್ಕರನ ಕಡೆ ತಿರುಗಿದಳು. "ನೋಡ್ರಿ, ನಮ್ಮ ಆಫೀಸಿನವ್ರು ಇಂಥಾದ್ದು ಮುಟ್ಟಂಗಿಲ್ಲ. ಬೋರ್ಡ್ ಹಾಕಿದ್ರ ಸಾಲಂಗಿಲ್ಲ."

ಭಾಸ್ಕರ ಕೆಟಲನ್ನೂ ಸೋಮಿಯನ್ನೂ ಒಟ್ಟಿಗೆ ಅಡುಗೆಮನೆಗೆ ಕರೆತಂದ. ಮುಚ್ಚಳ ತೆಗೆದು ಮೂಸಿದ. ಒಳಗೆ ಹುಲ್ಲು, ಶುಂಠಿ, ಹಾಲು ಬಿಟ್ಟರೆ ಏನೂ ಇರಲಿಲ್ಲ. ಅದು ಅವನ ಮುಖದಲ್ಲಿ ಕಾಣಿಸಿತು. ಆದರೆ ಜಗಲಿಯಲ್ಲಿ ಗಂಡ ಫೋನಿನ ಸಿಗ್ನಲ್ ಹುಡುಕುತ್ತ ಅತ್ತಿಂದಿತ್ತ ನಡೆಯುತ್ತಿದ್ದ, ಕಿಟಕಿಯಿಂದ ಅವನ ಶೂ ಕಾಣುತ್ತಿತ್ತು.

"ನೀನೇ ಹೇಳು," ಎಂದು ಕೆಟಲನ್ನು ಸೋಮಿಯ ಮೂಗಿನ ಹತ್ತಿರ ತಂದ. "ಮೀನಿನ ವಾಸ್ನೆ ಬತ್ತದೋ ಇಲ್ವೋ?"

ಅವಳಿಗೆ ಬಿಸಿ ಮಾತ್ರ ತಾಗಿತು.

"ಇಲ್ಲ ಭಾಸ್ಕರಣ್ಣ. ದೇವರಾಣೆಗೂ ಇಲ್ಲ. ನಾನು ಮನೇಲಿ ಮೀನು ತಿಂದ್ರೂ ಮಿಂದ್ಕಂಡೇ ಬರೂದು."

"ವೀಣಾ!"

ವೀಣಾ ಬಂದು ಬಾಗಿಲಲ್ಲೇ ನಿಂತಳು. ಕೈಯಲ್ಲಿ ಪೊರಕೆ ಇತ್ತು.

"ಇದ್ರಲ್ಲಿ ಮೀನಿನ ವಾಸ್ನೆ ಬತ್ತದೇನೆ?"

ಸೋಮಿ ಅವಳ ಮುಖ ನೋಡಿದಳು. ವೀಣಾ ಸೋಮಿಯನ್ನು ನೋಡಲಿಲ್ಲ. ಕೆಟಲಿನ ಹತ್ತಿರವೂ ಬರಲಿಲ್ಲ.

"ಬತ್ತದೆ," ಎಂದಳು. "ಚಾದಲ್ಲಿ ಮಾತ್ರ ಅಲ್ಲ. ಅವ್ಳ ಮೈಯೇ ಹಂಗೆ."

"ಏ ವೀಣಾ!"

"ಮತ್ತೆ ಯಂತ? ಎಷ್ಟು ದಿವ್ಸ ಮುಚ್ಚಿಡೂದು? ಭಾಸ್ಕರಣ್ಣ, ಅವ್ಳಿಗೆ ಮೂಗೇ ಇಲ್ಲ. ಹಾಲು ಕೆಟ್ರೂ ಗೊತ್ತಾಗೂದಿಲ್ಲ. ದಿನಾ ನಾನೇ ಮೂಸಿ ಕೊಡೂದು. ಬೇಕಾದ್ರೆ ಕೇಳಿ."

ಭಾಸ್ಕರ ಕೇಳಲಿಲ್ಲ. ಗೂಡಿನಲ್ಲಿದ್ದ ಫಿನಾಯಿಲ್ ಬಾಟಲಿ ತೆಗೆದು, ಕಣ್ಣು ಮುಚ್ಚು ಎಂದ. ಸೋಮಿ ಮುಚ್ಚಿದಳು. ಮುಚ್ಚಳ ತಿರುಗಿಸುವ ಸದ್ದು ಕೇಳಿಸಿತು.

"ಯಂತದು ಇದು?"

ಅಡುಗೆಮನೆಯಲ್ಲಿ ಏನೇನಿದೆ ಎಂದು ಅವಳು ನೆನೆಸಿಕೊಂಡಳು. ತಿರುಗಿಸುವ ಮುಚ್ಚಳ ಇದ್ದದ್ದು ಎಣ್ಣೆಗೆ. "ಕೊಬ್ಬರಿ ಎಣ್ಣೆ," ಎಂದಳು.

ಭಾಸ್ಕರ ಬಾಟಲಿಯನ್ನು ಗೂಡಿಗೆ ಇಟ್ಟ. ಅವನಿಗೂ ಒಂದು ಗಳಿಗೆ ಬೇಸರವಾಯಿತು. "ಹುಚ್ಚಿ, ಇಷ್ಟು ದಿವ್ಸ ನಮ್ಗೆ ಯಂತ ಯಂತ ತಿನ್ಸಿದ್ಯೋ," ಎಂದ. ನಂತರ ಜಗಲಿಗೆ ಹೋಗಿ, ಆ ಹೆಂಗಸನ್ನು ಬಿಡಿಸಿದ್ದಾಯಿತು ಎಂದು ಹೇಳಿದ. ಹೊಸದಾಗಿ ಚಾ ಮಾಡಲು ವೀಣಾಳಿಗೆ ಹೇಳಿದ. ಅವಳು ಅದೇ ಹಾಲು, ಅದೇ ಹುಲ್ಲು ಹಾಕಿದಳು. ಹುಬ್ಬಳ್ಳಿಯವರು ಕುಡಿದರು.

ಸೋಮಿ ತನ್ನ ಚೀಲ ತೆಗೆದುಕೊಂಡು ಹಿಂದಿನ ಬಾಗಿಲಿಂದ ಹೊರಬಂದಳು. ವೀಣಾ ಬಾವಿಕಟ್ಟೆಯ ಹತ್ತಿರ ಕಪ್ಪು ತೊಳೆಯುತ್ತಿದ್ದಳು.

"ಕೆಲ್ಸ ತಕಾ. ಅಡ್ಡಿಲ್ಲ," ಎಂದಳು ಸೋಮಿ. "ನಿನ್ನ ಮನೆ ಕಷ್ಟ ನಂಗೆ ಗೊತ್ತಿಲ್ಲದ್ದಲ್ಲ. ಒಂದು ಮಾತು ಮಾತ್ರ ಖರೇ ಹೇಳು. ನನ್ನ ಮೈ ನಾರೂದು ಹೌದಾ?"

ವೀಣಾ ಕಪ್ಪು ಉಜ್ಜುತ್ತಲೇ ಇದ್ದಳು.

"ಹೇಳೇ. ಎರಡು ವರ್ಷ ನೀ ಹೇಳಿದ್ದೇ ನಂಬಿದ್ದೆ."

"ಹೋಗು ಸೋಮಕ್ಕಾ. ಕತ್ತಲಾತದೆ."

ಕತ್ತಲಾಗಲು ಇನ್ನೂ ಹೊತ್ತಿತ್ತು. ದಾರಿಯುದ್ದಕ್ಕೂ ಸೋಮಿ ಸೆರಗನ್ನು ಮೂಗಿಗೆ ಒತ್ತಿ ಉಸಿರು ಎಳೆದಳು. ಬಟ್ಟೆ ಒರಟಾಗಿತ್ತು, ಅಷ್ಟೇ. ವೀಣಾ ಸುಳ್ಳು ಹೇಳಿದ್ದು ಅವಳಿಗೆ ಗೊತ್ತಿತ್ತು. ಮೂಸದೆ ಬಾಗಿಲಲ್ಲೇ ನಿಂತು ಹೇಳಿದ್ದನ್ನು ಕಣ್ಣಾರೆ ಕಂಡಿದ್ದಳು. ಆದರೆ ಇಷ್ಟು ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾಕೆ ಎದ್ದು ಹೋಗುತ್ತಿದ್ದರು? ಎದ್ದು ಹೋದದ್ದು ಅವರ ಊರು ಬಂದದ್ದಕ್ಕೇ? ಹಿಂದೆ ಯೋಚಿಸದೆ ಬಿಟ್ಟದ್ದೆಲ್ಲ ಈಗ ಒಂದೊಂದಾಗಿ ನೆನಪಾಯಿತು.

ಮನೆಗೆ ಬಂದವಳೇ ಮಗಳ ಮುಂದೆ ತೋಳು ಚಾಚಿದಳು. "ಮೂಸು."

ಜಯಂತಿ ನಕ್ಕಳು. "ಯಂತ ಆಯ್ತು ಆಯಿ ನಿಂಗೆ?"

"ಮೂಸು ಅಂದೆ."

"ಸಾಬೂನು."

ಪಕ್ಕದ ಮನೆಯ ಗಂಗೆ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತಿದ್ದಳು. ಅವಳಿಗೂ ತೋಳು ಚಾಚಿದಳು. ಗಂಗೆ ಮೂಸಿ, "ಹೊಗೆ. ಒಲೆ ಮುಂದೆ ಕೂತವ್ಳ ಮೈ ಮತ್ತೆ ಯಂತ ಬತ್ತದೆ?" ಎಂದಳು.

ಒಬ್ಬಳು ಸಾಬೂನು ಅಂದಳು, ಒಬ್ಬಳು ಹೊಗೆ ಅಂದಳು. ಸೋಮಿ ಇಬ್ಬರನ್ನೂ ನಂಬಲಿಲ್ಲ. ಒಳಗೆ ಹೋಗಿ ಹಗ್ಗದ ಮೇಲಿದ್ದದ್ದನ್ನೆಲ್ಲ ಒಂದೇ ಹಿಡಿಯಲ್ಲಿ ಎಳೆದಳು. ಟ್ರಂಕಿನಿಂದಲೂ ತೆಗೆದಳು. ಹಿತ್ತಲಲ್ಲಿ ರಾಶಿ ಹಾಕಿ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರಿದಳು.

"ಆಯೀ! ಒಳ್ಳೇದೂ ಇದೆ ಅದ್ರಲ್ಲಿ!"

"ಯಾವ್ದು ಒಳ್ಳೇದು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಜಯಂತಿ ಕೋಲು ತಂದು ಎಳೆಯಲು ನೋಡಿದಳು. ನೈಲೆಕ್ಸ್ ಸೀರೆಗಳು ಒಂದಕ್ಕೊಂದು ಅಂಟಿಕೊಂಡು ಕರಗುತ್ತಿದ್ದವು. ಗಂಗೆ ಮೂಗು ಮುಚ್ಚಿಕೊಂಡು ಬೇಲಿಯ ಆಚೆಯಿಂದ ಬೈದಳು. ಗಾಳಿ ತಿರುಗಿ ಹೊಗೆ ಕಣ್ಣಿಗೆ ಹೊಡೆದಾಗಷ್ಟೇ ಸೋಮಿ ಹಿಂದೆ ಸರಿದಳು.

ಹೋದದ್ದು ಐದು ಸೀರೆ, ನಾಲ್ಕು ರವಿಕೆ, ಒಂದು ಕಂಬಳಿ, ಜಯಂತಿಯ ಕಾಲೇಜಿನ ಒಂದು ಚೂಡಿದಾರ. ಸೋಮಿ ಲಾಡ್ಜಿಗೆ ಉಟ್ಟು ಹೋಗಿದ್ದ ಸೀರೆ ಮಾತ್ರ ಇನ್ನೂ ಅವಳ ಮೈಮೇಲೇ ಇತ್ತು.