ಕಲೆ ಹತ್ತದ ಜಾಗ

"ಆ ಕೈ ಒಂದನ್ನ ಬಿಟ್ಟು ಬಾಕಿ ಎಲ್ಲ ಉಜ್ಜಿ," ಎಂದಳು ಅಕ್ಕ, ಬೈಕಿನ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನಿಂದ ಏಳದೆ.

ಪಾಲಿಶಣ್ಣ ಕುಕ್ಕರುಗಾಲಲ್ಲಿ ಕೂತು ನೋಡಿದ. ಇಪ್ಪತ್ತೆರಡು ವರ್ಷ ಲೋಹ ಉಜ್ಜಿ ಉಜ್ಜಿ, ಹೆತ್ತವರು ಇಟ್ಟ ಹೆಸರೇ ಸವೆದುಹೋಗಿ ಎಲ್ಲರ ಬಾಯಲ್ಲೂ ಪಾಲಿಶಣ್ಣನಾಗಿ ಉಳಿದವನು. ಕಲೆ ಅವನಿಗೆ ಹೊಸದಲ್ಲ. ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ ಮೇಲೆ ಘಾಟು ಕ್ಲೀನರ್ ಸುರಿದು, ಅಷ್ಟರಲ್ಲಿ ಫೋನ್ ಬಂತೆಂದು ಒಳಗೆ ಹೋಗಿಬಿಡುವ ಮಹಾನುಭಾವರು ವಾರಕ್ಕೆ ಇಬ್ಬರಾದರೂ ಸಿಗುತ್ತಾರೆ. ಸುಣ್ಣ ಬಳಿದಂಥ ಮಚ್ಚೆ, ಕೆಳಗಿಳಿದ ಕಪ್ಪು ಗೆರೆ, ಇವೇ ಅವನ ಅನ್ನ. ಆದರೆ ಇಲ್ಲಿ ಬಲಗಡೆಯ ಇಂಜಿನ್ ಕವರ್ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ಅಂಗೈ ಮಾತ್ರ ಐದೂ ಬೆರಳು ಬಿಡಿಸಿಕೊಂಡು ಫಳಫಳ ಹೊಳೆಯುತ್ತಿತ್ತು. ಕಲೆ ಆ ಜಾಗವನ್ನು ಮುಟ್ಟಿಯೇ ಇರಲಿಲ್ಲ.

"ಇಲ್ಲಿ ನೋಡಿ," ಎಂದು ಅಕ್ಕ ಹೆಬ್ಬೆರಳಿನ ಬುಡದ ಓರೆ ಗೆರೆ ತೋರಿಸಿದಳು. ಅವಳ ತಮ್ಮ ಏಳು ವರ್ಷದವನಿದ್ದಾಗ ಕಿಟಕಿ ಗಾಜು ಒಡೆದು ಕೈ ಕುಯ್ದುಕೊಂಡಿದ್ದನಂತೆ, ಅದರ ಗುರುತಂತೆ.

ಮಿಕ್ಕ ಕಥೆಯನ್ನು ಅವಳ ಯಜಮಾನರು ಗೇಟಿನಲ್ಲೇ ಹೇಳಿ ಮುಗಿಸಿದ್ದರು. ತಾಯಿ ಸತ್ತ ಮೇಲೆ ನಾಲ್ಕು ವರ್ಷದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಇವಳೇ. ಅವನು ಮಹಡಿಯ ಕೋಣೆಯಲ್ಲಿದ್ದ, ಮದುವೆ ಆಗಿರಲಿಲ್ಲ, ಬೈಕೇ ಹೆಂಡತಿ ಮಕ್ಕಳು ಎಲ್ಲ. ಹೋದ ವರ್ಷ ಒಂದು ಸಂಜೆ ಎರಡೂ ಇಂಜಿನ್ ಕವರುಗಳನ್ನು ಪಾಲಿಶ್ ಮಾಡಿಸಿ ತಂದು ಕೂರಿಸಿದ. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಾಗಿಲು ತೆಗೆಯಲಿಲ್ಲ. ಅಲ್ಲಿಂದ ಮೇಲೆ ಬೈಕನ್ನು ಯಾರೂ ಸ್ಟಾರ್ಟ್ ಮಾಡಿಲ್ಲ. ಮೂರು ವಾರದ ಹಿಂದೆ ಅಕ್ಕನಿಗೆ ಏನನ್ನಿಸಿತೋ, ತಾನು ನೋಡಿಕೊಳ್ಳುವ ಕ್ಯಾಂಟೀನಿನ ಅಡುಗೆಮನೆಯಿಂದ ಒಲೆಯ ಜಿಡ್ಡು ತೆಗೆಯುವ ದ್ರಾವಣ ತಂದು ಬೈಕು ತೊಳೆದಳು. ಒಣಗಿದಾಗ ಕೈ ಮೂಡಿತ್ತು. ಅವತ್ತಿನಿಂದ ಕೆಲಸಕ್ಕೆ ರಜೆ, ಆ ಸ್ಟೂಲೇ ಮನೆ.

"ಹುಚ್ಚು ಅನ್ನೋಣ ಅಂದ್ರೆ ಪೇಪರ್ ಓದ್ತಾಳೆ, ನನ್ನ ಬಿ.ಪಿ. ಮಾತ್ರೆ ಟೈಮಿಗೆ ಸರಿಯಾಗಿ ಕೊಡ್ತಾಳೆ," ಎಂದಿದ್ದರು ಯಜಮಾನರು. ಆಮೇಲೆ ದನಿ ಇಳಿಸಿ, "ಆ ಕೈಯನ್ನೂ ಅಳಿಸಿಬಿಡಿ. ಕೈತಪ್ಪಿ ಆಯ್ತು ಅನ್ನಿ."

ಪಾಲಿಶಣ್ಣ ಬೈಕನ್ನು ಒಂದು ಸುತ್ತು ಹಾಕಿದ. ಎಡಗಡೆಯ ಕವರ್ ನೋಡಿ ಅವನಿಗೆ ನಿಜಕ್ಕೂ ಹೊಟ್ಟೆ ಉರಿಯಿತು. ಹುಳ ತಿಂದ ಕಾಳಿನಂತೆ ಮೈತುಂಬ ತೂತು, ಮೇಲೆ ಇನ್ನೂ ಆರದ ಬಿಳಿ ನೊರೆ. ಕೆಳಗೆ ದ್ರಾವಣದ ಕ್ಯಾನು, ಒಂದು ಚಿಂದಿ ಬಟ್ಟೆ. ಆಗ ಅಕ್ಕನ ಕೈ ಕಂಡಿತು. ಬೆರಳುಗಳ ಚರ್ಮ ಸುಲಿದು ಕೆಂಪಾಗಿತ್ತು, ಉಗುರಿನ ಅಂಚು ಬಿರಿದಿತ್ತು. ಇದೇನಕ್ಕಾ ಎಂದು ಕೇಳಿದ.

"ಒಂದು ಕೈ ಬಂದಿದೆಯಲ್ಲ, ಇನ್ನೊಂದು ಈ ಕಡೆಯಿಂದ ಬರಬೇಕು. ದಿನಾ ಸ್ವಲ್ಪ ಸ್ವಲ್ಪ ಹಾಕ್ತಿದೀನಿ," ಎಂದಳು. ಹಾಲು ಇನ್ನೂ ಕಾದಿಲ್ಲ ಎಂದಷ್ಟೇ ಸಹಜವಾಗಿತ್ತು ಆ ಮಾತು. "ಗ್ಲೌಸ್ ಹಾಕ್ಕೊಂಡು ಹಚ್ಚಿದ್ರೆ ನಾನೇ ಅಂತ ಅವನಿಗೆ ಹ್ಯಾಗೆ ಗೊತ್ತಾಗ್ಬೇಕು?"

ಹಗಲು ಹನ್ನೊಂದು ಗಂಟೆ, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಆದರೂ ಪಾಲಿಶಣ್ಣನ ಬೆನ್ನಿನಲ್ಲಿ ತಣ್ಣನೆಯದೊಂದು ಹರಿದುಹೋಯಿತು. ಬಲಗಡೆಗೆ ಬಂದು ಕೆಲಸ ಹಿಡಿದ. ನೀರು ಹೊಯ್ದು ಕ್ಲೀನರಿನ ಅಂಶ ತೊಳೆದ. ಉಪ್ಪುಕಾಗದ ನೆನೆಸಿಕೊಂಡು ಮೊದಲು ಒರಟಿನಲ್ಲಿ, ಆಮೇಲೆ ನುಣುಪಿನಲ್ಲಿ, ಬೆರಳುಗಳ ಸಂದಿಯಲ್ಲೆಲ್ಲ ಹುಷಾರಾಗಿ ತಿಕ್ಕಿದ. ಪೇಸ್ಟ್ ಹಚ್ಚಿ ಕೈ ಮಷೀನಿನಿಂದ ಎರಡು ತಾಸು ಬಫ್ ಹೊಡೆದ. ಬೂದಿ ಬಣ್ಣ ಹೋಗಿ ಕವರ್ ಕನ್ನಡಿಯಾಯಿತು. ಸುತ್ತಲೂ ಹೊಳಪು ಬಂದರೆ ಕೈ ತಾನಾಗಿ ಅದರಲ್ಲಿ ಕರಗಬೇಕು, ಪಾಪ, ಆಗ ಯಾರ ತಪ್ಪೂ ಇರುವುದಿಲ್ಲ, ಹಾವೂ ಸಾಯದೆ ಕೋಲೂ ಮುರಿಯದೆ ಕೆಲಸ ಮುಗಿಯುತ್ತದೆ ಎಂದುಕೊಂಡಿದ್ದ. ಕರಗಲಿಲ್ಲ. ಕೈ ಮೊದಲಿಗಿಂತ ಸ್ಪಷ್ಟವಾಗಿತ್ತು.

ಬೆರಳಾಡಿಸಿ ನೋಡಿದ. ಉಬ್ಬಿತ್ತು. ದ್ರಾವಣ ಸುತ್ತಲ ಲೋಹವನ್ನು ಕೂದಲೆಳೆಯಷ್ಟು ತಿಂದಿದೆ, ಕೈ ಇದ್ದ ಜಾಗ ಇದ್ದ ಹಾಗೇ ಎತ್ತರ ಉಳಿದಿದೆ, ಅಷ್ಟೇ. ಕಾರಣ ಗೊತ್ತಿದ್ದೂ ಮೈ ಜುಮ್ಮೆಂದಿತು. ಇಂಜಿನ್ ಒಳಗಿನಿಂದ ಯಾರೋ ಅಂಗೈ ಒತ್ತಿ ಹಿಡಿದ ಹಾಗಿತ್ತು.

ಪಾಲಿಶ್ ಮುಗಿದ ಮೇಲೆ ಬರಿಗೈ ಇಟ್ಟು ನೋಡುವುದು ಅವನ ಅಭ್ಯಾಸ. ಕಣ್ಣು ಸುಳ್ಳು ಹೇಳುತ್ತೆ, ಅಂಗೈ ಹೇಳಲ್ಲ ಎಂದು ಗುರು ಕಲಿಸಿದ್ದು. ಅಭ್ಯಾಸಬಲದಿಂದ ಕೈ ಹೋಗಿ ಆ ಕೈಯ ಮೇಲೆ ಕೂತಿತು. ಸವೆದ ಚಪ್ಪಲಿಯಲ್ಲಿ ಪಾದ ಕೂತ ಹಾಗೆ ಕೂತಿತು. ಬೆರಳಿಗೆ ಬೆರಳು, ಗೆಣ್ಣಿಗೆ ಗೆಣ್ಣು. ಹೆಬ್ಬೆರಳ ಬುಡದ ಓರೆ ಗೆರೆ ಪಾಲಿಶಣ್ಣನದೇ ಗಾಯದ ಗುರುತಿನ ಕೆಳಗೆ ಮುಚ್ಚಿಹೋಯಿತು. ಅದು ಬಫ್ ಚಕ್ರ ಸೀಳಿದ ಗಾಯ.

ನೆನಪಾಯಿತು ಆಗ. ಹೋದ ವರ್ಷ ಅಂಗಡಿ ಮುಚ್ಚುವ ಹೊತ್ತಿಗೆ ಎರಡು ಇಂಜಿನ್ ಕವರ್ ತಂದ ಗಿರಾಕಿಯೊಬ್ಬ ತಲೆ ಮೇಲೆ ನಿಂತು ಅವಸರ ಮಾಡಿದ್ದ. ಪಾಲಿಶಣ್ಣ ಒಂದು ಕವರ್ ಒರೆಸಿ ಮುಗಿಸಿದ್ದ. ಇನ್ನೊಂದರ ಮೇಲೆ, ಹೊಳಪು ಕಾಯುವ ಮೇಣ ಕೈಯಲ್ಲಿ ಇನ್ನೂ ಹಸಿಯಿರುವಾಗಲೇ ಅಂಗೈ ಒತ್ತಿ ನೋಡಿ, ಒರೆಸಲು ಮರೆತು, ಪೇಪರಿನಲ್ಲಿ ಸುತ್ತಿ ಕೊಟ್ಟುಬಿಟ್ಟಿದ್ದ. ಇಂಜಿನ್ ಬಿಸಿಯಾಗಿದ್ದರೆ ಮೇಣ ಕರಗುತ್ತಿತ್ತು. ಬಿಸಿಯಾಗಲೇ ಇಲ್ಲ. ಅದೇ ಮೇಣ ಈಗ ದ್ರಾವಣವನ್ನು ತಡೆದಿದೆ.

ಬಾಯಿ ಮುಚ್ಚಿಕೊಂಡಿದ್ದರೆ ಇವಳ ಕೈ ಉಳಿಯುವುದಿಲ್ಲ. ಹೇಳಿದರೆ ತಮ್ಮ ಇನ್ನೊಂದು ಸಲ ಸಾಯುತ್ತಾನೆ. ಯಜಮಾನರ ಮಾತಿನಂತೆ ಅಳಿಸಿದರೆ ನಾಳೆ ಟ್ಯಾಂಕಿನ ಮೇಲೆ, ನಾಡಿದ್ದು ಚಕ್ರದ ಮೇಲೆ ಸುರಿಯುತ್ತಾಳೆ. ಅತ್ತ ದರಿ, ಇತ್ತ ಪುಲಿ. ಅಷ್ಟರಲ್ಲಿ ಅಕ್ಕ ಎದ್ದು ಎಡಗಡೆಗೆ ಹೋಗಿದ್ದಳು. ಕ್ಯಾನಿನ ಮುಚ್ಚಳ ತಿರುಗಿದ ಸದ್ದು, ಘಾಟು.

"ಅಕ್ಕಾ, ಹಾಕಬೇಡಿ. ಆ ಕಡೆ ಬರಲ್ಲ."

"ಯಾಕೆ?"

"ಇದು ನನ್ನ ಕೈ."

ಹೇಳಿದ. ಮೇಣ, ಅವಸರ, ಪೇಪರು, ಏನೂ ಬಿಡದೆ ಹೇಳಿದ. ನಂಬಲಿ ಎಂದು ಬಲಗೈಯನ್ನು ಕವರಿನ ಮೇಲಿಟ್ಟು ತೋರಿಸಿದ. ಬೆರಳುಗಳ ಆಚೀಚೆ ಆ ಹೊಳೆಯುವ ಕೈ ಎಳ್ಳಷ್ಟೂ ಹೊರಗೆ ಕಾಣಲಿಲ್ಲ. ಬಾಗಿಲಲ್ಲಿ ಯಜಮಾನರು ಬಂದು ನಿಂತಿದ್ದರು.

ಅಕ್ಕ ಕ್ಯಾನ್ ಕೆಳಗಿಟ್ಟು ಬಂದಳು. ಮಂಡಿ ಹಿಡಿದುಕೊಂಡು ಅವನೆದುರು ಕೂತಳು. ಲೋಹವನ್ನು ನೋಡಲೇ ಇಲ್ಲ. ಅವನ ಕೈಯನ್ನು ಎತ್ತಿ ತನ್ನ ಸುಲಿದ ಅಂಗೈಗಳ ನಡುವೆ ಇಟ್ಟುಕೊಂಡಳು. ಎರಡು ತಾಸು ಮಷೀನು ಹಿಡಿದರೆ ಈ ಕಸುಬಿನವರ ಬೆರಳಿಗೆ ರಕ್ತ ಹರಿಯುವುದಿಲ್ಲ. ಎರಡನೇ ಗೆಣ್ಣಿನವರೆಗೆ ಬೆಳ್ಳಗಾಗಿ, ಮುಟ್ಟಿದರೂ ಗೊತ್ತಾಗದ ಹಾಗಿರುತ್ತವೆ.

"ಎಷ್ಟು ತಣ್ಣಗಿದೆ," ಎಂದಳು.

ಮಷೀನಿನಿಂದ ಹಾಗಾಗುತ್ತೆ, ಯಾವಾಗಲೂ ಹೀಗೇ ಎಂದು ಅವನು ತೊದಲಿದ. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

"ಬಾಗಿಲು ಒಡೆದಾಗ್ಲೂ ಅವನ ಕೈ ಹೀಗೇ ಇತ್ತು. ಉಜ್ಜಿದೆ. ಇವರು ಸಾಕು ಬಿಡು ಅಂದ್ರು, ಆದ್ರೂ ಉಜ್ಜಿದೆ. ಬಿಸಿ ಆಗ್ಲಿಲ್ಲ."

ಈಗಲೂ ಉಜ್ಜತೊಡಗಿದಳು. ಬಿರಿದ ಬೆರಳು ಉರಿಯುತ್ತಿರಲೇಬೇಕು, ಮುಖದಲ್ಲಿ ತೋರಿಸಲಿಲ್ಲ. ಕೈ ಎಳೆದುಕೊಳ್ಳೋಣವೆಂದು ಪಾಲಿಶಣ್ಣನಿಗೆ ಮೂರು ಸಲ ಅನ್ನಿಸಿತು. ಭಯವಾಗಿತ್ತು, ಅದಕ್ಕಿಂತ ಹೆಚ್ಚು ಸಂಕಟವಾಗಿತ್ತು. ಯಜಮಾನರು ಸದ್ದಿಲ್ಲದೆ ಬಂದು ಕ್ಯಾನ್ ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಹಾಗಾಯಿತು. ಬಿಳಿ ಚರ್ಮದ ಕೆಳಗೆ ನಿಧಾನವಾಗಿ ಕೆಂಪು ಏರಿತು. ಅಕ್ಕ ಅದನ್ನು ನೋಡಿದಳು, ಬೆಳಕಿಗೆ ತಿರುಗಿಸಿ ಮತ್ತೆ ನೋಡಿದಳು.

"ಇನ್ನೊಂದೂ ಕೊಡೋ," ಎಂದಳು, ಅಲ್ಲಿಯವರೆಗೂ ಅವನಿಗೆ ಬಹುವಚನ ಬಿಟ್ಟು ಮಾತಾಡಿರದವಳು.

ಎಡಗೈಗೆ ಮೆತ್ತಿದ್ದ ಪೇಸ್ಟನ್ನು ಪ್ಯಾಂಟಿಗೆ ಒರೆಸಿ, ಪಾಲಿಶಣ್ಣ ಅದನ್ನೂ ಚಾಚಿದ.