ಆರೈಕೆ ಮುಗಿದ ತಾರೀಖು

“ಶುರುವಾದ ತಾರೀಖು ಹಾಕಿದೀರಿ. ಮುಗಿದ ತಾರೀಖು ಎಲ್ಲಿ ಮೇಡಂ?”

ಫೋನಿನಾಚೆ ಅನುದಾನ ಕಚೇರಿಯ ಗುಮಾಸ್ತ. ಈಚೆ, ವಾರ್ಡಿನ ಕಿಟಕಿಗೆ ಆತುಕೊಂಡು ಅವಳು. ಶ್ವಾಸಕೋಶದ ಕ್ಯಾನ್ಸರನ್ನು ಉಸಿರಿನ ಪರೀಕ್ಷೆಯಲ್ಲೇ ಬೇಗ ಹಿಡಿಯಬಹುದೇ ಎಂದು ತಲೆ ಕೆಡಿಸಿಕೊಂಡ ಸಂಶೋಧಕಿ. ಹೊಸಬರಿಗೆಂದು ಇದ್ದದ್ದು ಅದೊಂದೇ ಅನುದಾನ, ಪಿಎಚ್.ಡಿ. ಮುಗಿದು ಐದು ವರ್ಷ ದಾಟಿರಬಾರದು. ಅವಳಿಗೆ ಐದು ವರ್ಷದ ಮೇಲೆ ಏಳು ತಿಂಗಳಾಗಿತ್ತು. ಮನೆಯವರ ಆರೈಕೆಗೆ ಹೋದ ಕಾಲವನ್ನು ಆ ಲೆಕ್ಕದಿಂದ ಬಿಡುತ್ತೇವೆ ಎಂಬ ನಿಯಮವನ್ನೇ ನೆಚ್ಚಿಕೊಂಡಿದ್ದಳು. ಇದು ಕೈತಪ್ಪಿದರೆ ಲ್ಯಾಬಿನ ಮೇಜು ಇನ್ನೊಬ್ಬರ ಪಾಲು, ಮುನ್ನೂರು ರೋಗಿಗಳ ಉಸಿರಿನ ಮಾದರಿ ಕಸದ ಪಾಲು.

“ಮುಗಿದಿಲ್ವಲ್ಲ ಸರ್. ಅಪ್ಪ ಇನ್ನೂ ಇದಾರೆ.”

“ಅಯ್ಯೋ, ನೂರು ವರ್ಷ ಇರ್ಲಿ ಮೇಡಂ! ಆದ್ರೆ ಆ ಜಾಗ ಖಾಲಿ ಬಿಟ್ರೆ ಕಂಪ್ಯೂಟರ್ ಅರ್ಜೀನೇ ತಗೊಳಲ್ಲ. ಆರೈಕೆ ಬೇರೆಯವ್ರಿಗೆ ವಹಿಸಿದ್ರೂ ನಡೆಯುತ್ತೆ. ರೋಗಿ ಸಹಿ ಹಾಕ್ಬೇಕು, ಮಾರನೇ ದಿನದಿಂದ ನೀವು ಲ್ಯಾಬಲ್ಲಿ ಹಾಜರಿರ್ಬೇಕು. ಇವತ್ತು ಐದು ಗಂಟೆಗೆ ಕೊನೆ.”

ಲ್ಯಾಬು ಎಂಟು ಗಂಟೆಯ ರೈಲು ಪ್ರಯಾಣ. ಅಪ್ಪನಿಗೆ ಡಾಕ್ಟರು ಹೇಳಿದ್ದು ಹೆಚ್ಚೆಂದರೆ ಎರಡು ವಾರ.

“ಏನಂತೆ?” ಎಂದರು ಅಪ್ಪ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಮನುಷ್ಯ. ಈಗ ನಾಲ್ಕು ಮಾತಿಗೊಮ್ಮೆ ಆಮ್ಲಜನಕದ ಕೊಳವೆಯಿಂದ ಉಸಿರು ಎಳೆದುಕೊಳ್ಳಬೇಕು. ಅವರ ಅಕ್ಕ, ಅವಳ ಅತ್ತೆ, ಕಾಲ ಬಳಿ ಕೂತು ಪಾದ ಒತ್ತುತ್ತಿದ್ದರು.

ಹೇಳಿದಳು. “ಯಾವುದೋ ಒಂದು ತಾರೀಖು ಗೀಚಿ ಕಳಿಸ್ತೀನಿ ಬಿಡಿ. ಯಾರು ಬಂದು ನೋಡ್ತಾರೆ?”

“ನಾನು ನೋಡ್ತೀನಿ. ಸುಳ್ಳು ತಾರೀಖಿಗೆ ಸಹಿ ಹಾಕಲ್ಲ.” ಉಸಿರು ಎಳೆದುಕೊಂಡರು. “ಇವತ್ತಿನ ತಾರೀಖೇ ಹಾಕು. ರಾತ್ರಿ ರೈಲಿಗೆ ಹೋಗು.”

“ಅಪ್ಪಾ!”

“ಇಲ್ಲಾಂದ್ರೆ ಐದು ಗಂಟೆ ಒಳಗೆ ನಾನೇ ಹೊರಡ್ಬೇಕು. ಅಷ್ಟು ಚುರುಕಿನ ಆಸಾಮಿ ನಾನಲ್ಲ.”

ನಗು ಕೆಮ್ಮಾಯಿತು; ಕೆಮ್ಮು ಬೇಗ ನಿಲ್ಲಲಿಲ್ಲ.

“ಬಾಯಿಗೆ ಬೀಗ ಹಾಕೋ,” ಎಂದು ಅತ್ತೆ ಅವರ ಬೆನ್ನು ನೀವಿದರು. “ನೀನೂ ಅಷ್ಟೇ ಕಣೇ. ಇನ್ನೊಂದು ವರ್ಷ ಅರ್ಜಿ ಹಾಕಿದ್ರಾಯ್ತು.”

“ಇನ್ನೊಂದು ವರ್ಷ ಇಲ್ಲ ಅತ್ತೆ. ಇದೇ ಕೊನೆ.”

ಅಪ್ಪ ಅವಳ ಮಣಿಕಟ್ಟು ಹಿಡಿದರು. “ಒಂದು ಸಿಗರೇಟು ಮುಟ್ಟಿದವನಲ್ಲ ನಾನು. ಮೊದಲು ಕೆಮ್ಮಿದಾಗ ಏನಂದೆ, ನೆನಪಿದೆಯಾ?”

ಅವಳು ತಲೆ ತಗ್ಗಿಸಿದಳು. “ನೆಗಡಿ ಅಂದೆ.”

“ಈ ರೋಗಾನೇ ಓದಿದವಳು, ಪಕ್ಕದಲ್ಲೇ ಕೂತು ನೆಗಡಿ ಅಂದೆ. ಬೈತಿಲ್ಲ ಮಗಳೇ. ನಿನಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಬೇರೆಯವ್ರಿಗೆ ಹೇಗೆ ಗೊತ್ತಾಗ್ಬೇಕು? ಪೆನ್ನು ಕೊಡು.”

‘ನನ್ನ ಮಗಳು ನನ್ನ ಆರೈಕೆ ಮಾಡುವುದು ಈ ದಿನಕ್ಕೆ ಮುಗಿಯಿತು’ ಎಂದು ಅರ್ಜಿಯ ಹಾಳೆಯಲ್ಲಿದ್ದ ಸಾಲನ್ನು ಬೆರಳಿಟ್ಟು ಎರಡು ಸಲ ಓದಿ, ಕೆಳಗೆ ಸಹಿ ಹಾಕಿದರು. ಅವಳು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದಳು. ಗಂಟೆ ನಾಲ್ಕು ಇಪ್ಪತ್ತು.

“ಜೊತೆಗಿರೋರು ಯಾರು? ಒಬ್ರೇ ಇರಿ,” ಎನ್ನುತ್ತಾ ನರ್ಸ್ ಎದೆಯ ನೀರು ತೆಗೆಯುವ ಸಲಕರಣೆಗಳ ತಟ್ಟೆ ಹಿಡಿದು ಬಂದಳು.

“ನಾನು,” ಎಂದರು ಅತ್ತೆ.

ನರ್ಸ್ ಮಂಚದ ಸುತ್ತ ಪರದೆ ಎಳೆದಳು. ಮಗಳು ಪರದೆಯ ಹೊರಗೆ ನಿಂತಳು.